ಟೀಚರಿಗೆ ತೋರಿಸದ ಪ್ರಶ್ನೆ

ಅಮ್ಮಾ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಹಳೆಯ ಶಾಲನ್ನು ಒಗೆಯಲು ತಂಗಿ ಬಿಡುವುದಿಲ್ಲ, ಅಷ್ಟೇ ತಕರಾರು.

ಶಾಲೆಯ ಈ ಕೊನೆಯ ವರ್ಷಕ್ಕೆ ಸಮಾಜಶಾಸ್ತ್ರ ತೆಗೆದುಕೊಂಡೆನಲ್ಲ, ಮನೆ ಬಿಟ್ಟು ದೂರ ಹೋಗಿ ದುಡಿಯುವ ಒಬ್ಬರನ್ನು ಸಂದರ್ಶಿಸಬೇಕಂತೆ. ಮಿಕ್ಕವರೆಲ್ಲ ಜನ ಹುಡುಕಿಕೊಂಡು ಬೀದಿ ಅಲೆಯುತ್ತಿದ್ದಾರೆ. ನನಗೇಕೆ ಆ ಉಸಾಬರಿ? ನೀನಿದ್ದೀಯಲ್ಲ. ಸಿಡುಕದೆ ಉತ್ತರ ಬರೆದು ಕಳಿಸು.

ನೀನು ಕೆಲಸಕ್ಕಿರುವ ಆ ಮನೆಯಲ್ಲಿ ಎಲ್ಲಿ ಮಲಗುತ್ತೀಯ? ಊಟಕ್ಕೆ ಯಾರ ಜೊತೆ ಕೂರುತ್ತೀಯ? ನೀನು ನೋಡಿಕೊಳ್ಳುವ ಮಗು ನಿನ್ನನ್ನು ಏನೆಂದು ಕರೆಯುತ್ತದೆ?

ಮೊದಲು, "ಆ ಮಗು ನಿನ್ನನ್ನು ಅಮ್ಮ ಅನ್ನುತ್ತದಾ?" ಎಂದೇ ಬರೆದಿದ್ದೆ. ಟೀಚರ್ ಅಡ್ಡಗೆರೆ ಎಳೆದುಬಿಟ್ಟರು. "ಉತ್ತರಾನ ನೀನೇ ಅವರ ಬಾಯಿಗೆ ತುರುಕಬಾರದು ಕಣೆ, ಅವರಾಗೇ ಹೇಳ್ಲಿ," ಅಂದರು. "ನಮ್ಮನ್ನು ನೆನೆದು ಅಳುತ್ತೀಯಾ?" ಎಂಬುದಕ್ಕೂ ಅದೇ ಗತಿಯಾಯಿತು. ಮೈಯೆಲ್ಲ ಉರಿದುಹೋಯಿತು.

ಕೊನೆಯ ಪ್ರಶ್ನೆಯನ್ನು ಮಾತ್ರ ಅವರಿಗೆ ತೋರಿಸಿಲ್ಲ. ಉತ್ತರ ಅದರೊಳಗೇ ಇದೆ ಎಂದು ಅದಕ್ಕೂ ಗೆರೆ ಎಳೆಯುತ್ತಾರೆ.

ಈ ರಜೆಗೆ ನೀನು ಬಂದೇ ಬರುತ್ತೀಯ, ಅಲ್ವಾ?

ಉತ್ತರಕ್ಕೆ ಕಾಯುತ್ತಿರುವ,
ನಿನ್ನ ದೊಡ್ಡವಳು