ಏಳು ಚರ್ಚುಗಳ ಗುರುವಾರ

ಟೆಸ್ಟಾಚೊ, ರೋಮ್
ಫೆಬ್ರವರಿ 11, ಕಾರ್ನಿವಲ್ ಭಾನುವಾರ

ನನ್ನ ದೊನಾತಾ,

ಸಿಸ್ಟರ್ ಮರಿಯಾ ಕ್ಯಾರಾ ಎಂದು ಬರೆಯಬೇಕಿತ್ತು. ಲಕೋಟೆಯ ಮೇಲೆ ಹಾಗೆಯೇ ಬರೆಯುತ್ತೇನೆ. ಒಳಗೆ ಮಾತ್ರ ಹಳೆಯ ಹೆಸರೇ ಇರಲಿ. ನಿಮ್ಮ ಮಠದ ಹಿರಿಯ ತಾಯಿ ಬೇಸರಪಡಲಾರರು ಎಂದುಕೊಂಡಿದ್ದೇನೆ.

ಹೇಗಿದ್ದೀಯಾ? ಚಳಿಗೆ ಊದಿಕೊಂಡಿದ್ದ ಬೆರಳುಗಳು ವಾಸಿಯಾದವೇ? ನವೆಂಬರಿನಲ್ಲಿ ನೀನು ಬರೆದ ಪತ್ರಕ್ಕೆ ಫೆಬ್ರವರಿಯಲ್ಲಿ ಉತ್ತರ ಕೊಡುವವಳನ್ನು ಏನೆಂದು ಕರೆಯಬೇಕೋ ಹಾಗೆ ಕರೆ, ಒಪ್ಪಿಕೊಳ್ಳುತ್ತೇನೆ. ನಾಲ್ಕು ಸಲ ಶುರುಮಾಡಿ ನಾಲ್ಕು ಸಲವೂ ಹರಿದೆ. ಈಗ ತಡಮಾಡುವ ಹಾಗಿಲ್ಲ. ಬುಧವಾರ ಹಣೆಗೆ ಬೂದಿ ಬಿದ್ದು ಉಪವಾಸದ ಕಾಲ ಶುರುವಾದ ಮೇಲೆ ಈಸ್ಟರ್‌ವರೆಗೆ ನಿಮ್ಮ ಬಾಗಿಲೊಳಗೆ ಪತ್ರ ಬರುವುದೂ ಇಲ್ಲ, ಅಲ್ಲಿಂದ ಹೊರಡುವುದೂ ಇಲ್ಲ. ಫಾದರ್ ಎಲಿಜಿಯೊ ನಾಳೆ ಅವರ ತಂಗಿಯ ಮನೆಗೆಂದು ನಿಮ್ಮ ಬೆಟ್ಟದ ಕಡೆಗೇ ಕಾರಿನಲ್ಲಿ ಹೊರಟಿದ್ದಾರೆ. ಅಂಚೆಯನ್ನು ನಂಬದೆ ಅವರ ಕೈಗೇ ಕೊಡುತ್ತಿದ್ದೇನೆ.

ನನ್ನ ಸುದ್ದಿ ಹೆಚ್ಚಿಲ್ಲ. ಸಾಹಿತ್ಯದ ಪದವಿಪತ್ರಕ್ಕೆ ನನ್ನಮ್ಮ ಚೌಕಟ್ಟು ಹಾಕಿಸಿ ಟಿವಿಯ ಮೇಲಿಟ್ಟಿದ್ದಾಳೆ. ನಾನು ಇಬ್ಬರು ಸೋಮಾರಿ ಹುಡುಗಿಯರಿಗೆ ಲ್ಯಾಟಿನ್ ಹೇಳಿಕೊಡುತ್ತಿದ್ದೇನೆ. ಅವರು ಮೊಬೈಲ್ ನೋಡುವಾಗ ಗದರಿಸುವುದಕ್ಕೂ ನನಗೆ ನಾಚಿಕೆ.

ನೀನು ಕೇಳಿದ್ದು ಒಂದೇ ಪ್ರಶ್ನೆ: "ಏಪ್ರಿಲ್‌ನಲ್ಲಿ ನಾನು ಸನ್ಯಾಸಿನಿಯ ವ್ರತ ತೆಗೆದುಕೊಳ್ಳುವ ದಿನ ಅಮ್ಮ ಬರುತ್ತಾಳಾ? ಅವಳನ್ನು ಕೇಳಿ ಹೇಳು, ಇಲ್ಲ ಎಂದರೂ ಪರವಾಗಿಲ್ಲ, ಹೇಳು."

ಅದಕ್ಕೆ ಉತ್ತರ ಕೊಡಬೇಕಾದರೆ ಗುರುವಾರದ ಕಥೆ ಹೇಳಬೇಕು. ಕಾರ್ನಿವಲ್ ಗುರುವಾರ ನಾವು ಏಳು ಚರ್ಚುಗಳ ನಡಿಗೆಗೆ ಹೋದೆವು. ನಾವೆಂದರೆ ನಾನು ಮತ್ತು ನಿನ್ನಮ್ಮ. ನೀನು ಸರಿಯಾಗಿಯೇ ಓದಿದೆ.

ಅವರ ಆಣೆ ನಿನಗೆ ಗೊತ್ತು. ನೀನು ಹೋದ ಮಾರನೆಯ ದಿನ ಮಾರುಕಟ್ಟೆಯಲ್ಲಿ ಎಲ್ಲರೆದುರು ಹೇಳಿದ್ದರಲ್ಲ: "ನನ್ನ ಮಗಳನ್ನ ಕಿತ್ಕೊಂಡೋನ ಮನೆ ಹೊಸಿಲು ನಾನು ತುಳಿಯಲ್ಲ." ಎರಡೂವರೆ ವರ್ಷದಿಂದ ಚರ್ಚು ತುಳಿದಿಲ್ಲ, ಕ್ರಿಸ್ಮಸ್‌ಗೂ ಇಲ್ಲ, ನಿನ್ನಪ್ಪನ ತಿಥಿಯ ಪೂಜೆಗೂ ಇಲ್ಲ. ನಿನ್ನ ಹನ್ನೊಂದು ಪತ್ರಗಳನ್ನೂ ತೆರೆಯದೆ ಹಿಂದಕ್ಕೆ ಕಳಿಸಿದ್ದಾರೆ. ಕಳೆದ ಬುಧವಾರ ತರಕಾರಿಗೆ ಹೋದಾಗ ತಮ್ಮ ಅಂಗಡಿಯಲ್ಲಿ ಕೂತು ಆರ್ಟಿಚೋಕ್ ಸುಲಿಯುತ್ತಿದ್ದರು. ಅದರ ರಸಕ್ಕೆ ಹೆಬ್ಬೆರಳು ಎಂದಿನಂತೆ ಕಪ್ಪು.

"ಏನೇ ಮೂಗಿ, ನಾಳೆ ನಡಿಯೋಕೆ ಹೋಗ್ತೀಯಾ?" ಎಂದರು.

"ಹೋಗ್ತೀನಿ, ಸೋರಾ ಎಲ್ವಿರಾ. ನೀವು..."

"ಬರ್ತೀನಿ. ಕಾಲು ನನ್ನದು, ರಸ್ತೆ ನಗರಸಭೆದು. ಒಳಗೆ ಬನ್ನಿ ಅಂತ ಮಾತ್ರ ಕರೀಬೇಡ."

ಬೆಳಗ್ಗೆ ಏಳೂಕಾಲಿಗೆ ಸಂತ ಪೇತ್ರರ ಚೌಕದಲ್ಲಿ ನಮ್ಮ ಪ್ಯಾರಿಷ್‌ನ ಇಪ್ಪತ್ತು ಜನ ಸೇರಿದ್ದೆವು. ಗುಮ್ಮಟದ ತುದಿಗೆ ಮಾತ್ರ ಬಿಸಿಲು ತಾಗಿತ್ತು. ಕೆಳಗಿನದೆಲ್ಲ ಇನ್ನೂ ನೀಲಿ. ನಾನು ಇಲ್ಲೇ ಹುಟ್ಟಿ ಬೆಳೆದವಳು, ಸಾವಿರ ಸಲ ನೋಡಿದ್ದೇನೆ. ಆದರೂ ಪ್ರತಿ ಸಲ ಯಾರೋ ನನ್ನನ್ನು ಹೆಸರು ಹಿಡಿದು ಕರೆದ ಹಾಗಾಗುತ್ತದೆ. ನಿನ್ನಮ್ಮ ಅದಕ್ಕೆ ಬೆನ್ನು ತಿರುಗಿಸಿ ನಿಂತಿದ್ದರು.

"ಎಲ್ವಿರಾ, ಒಳಗೆ ಬೆಚ್ಚಗಿದೆ ಕಣಮ್ಮ," ಎಂದರು ಫಾದರ್ ಎಲಿಜಿಯೊ.

"ನರಕ ಇನ್ನೂ ಬೆಚ್ಚಗಿರುತ್ತೆ ಫಾದರ್. ಅಲ್ಲಿಗೆ ಹೊರಟಾಗ ನಿಮಗೂ ಹೇಳಿ ಕಳಿಸ್ತೀನಿ, ಜೊತೆಗೆ ಹೋಗೋಣ."

ಫಾದರ್ ನಕ್ಕುಬಿಟ್ಟರು. ಆದರೆ ನಾವು ಹೊರಗೆ ಬಂದ ಕೂಡಲೇ ನಿನ್ನಮ್ಮ ನನ್ನ ತೋಳು ಹಿಡಿದು, ಎಲ್ಲೋ ನೋಡುತ್ತ ಕೇಳಿದರು: "ಒಳಗೆ ಏನಿತ್ತು?"

ನಾನು ಹೇಳಿದೆ. ಬಲಗಡೆ ಸತ್ತ ಮಗನನ್ನು ಮಡಿಲಲ್ಲಿ ಹಾಕಿಕೊಂಡ ಮಾತೆಯ ಮುಂದೆ ಗಾಜು ಇನ್ನೂ ಇದೆ ಎಂದೆ. ಜನರ ಮುತ್ತಿನಿಂದ ಸಂತ ಪೇತ್ರರ ಕಂಚಿನ ಪಾದದ ಬೆರಳುಗಳು ಮತ್ತಷ್ಟು ಸವೆದಿವೆ ಎಂದೆ. "ಹೂಂ," ಎಂದರು. ಸಂತ ಪೌಲರ ಚರ್ಚಿನಿಂದ ಬಂದಾಗಲೂ ಅದೇ ಪ್ರಶ್ನೆ. ಅಲ್ಲಿ ಕಂಬಗಳ ಕಾಡಿನೊಳಗೆ ನಡೆಯುವಾಗ ನಾನು ಚಿಕ್ಕವಳಾಗುತ್ತ ಹೋಗುತ್ತೇನೆ. ಅದರಲ್ಲಿ ಅವಮಾನವಿಲ್ಲ, ಒಂದು ಸುಖವಿದೆ. ಅದನ್ನು ಹೇಗೆ ಹೇಳುವುದೆಂದು ತಡವರಿಸಿದೆ. "ಕಿಟಕಿಗಳ ತೆಳ್ಳನೆ ಕಲ್ಲು ಬಿಸಿಲಿಗೆ ಜೇನುತುಪ್ಪದ ಹಾಗೆ ಹೊಳೀತಿತ್ತು" ಎಂದೆ. ನಿನ್ನಮ್ಮ ನಡೆಯುವುದನ್ನು ನಿಲ್ಲಿಸಿ, "ಎಡಗಡೆದಾ, ಬಲಗಡೆದಾ?" ಎಂದರು. ಯಾವ ಕಿಟಕಿ ಯಾವ ಹೊತ್ತಿಗೆ ಹೊಳೆಯುತ್ತದೆಂದು ಅವರಿಗೆ ಬಾಯಿಪಾಠ, ದೊನಾತಾ. "ಮೂಗಿಗೆ ಇವತ್ತು ಬಾಯಿ ಬಂದಿದೆ ನೋಡ್ರಪ್ಪ," ಎಂದು ಉಳಿದವರಿಗೆ ಕೂಗಿ ಹೇಳಿದರು. ನಾನು ಕೆಂಪಾದೆ.

ಮೂರನೆಯದು ಸಂತ ಸೆಬಾಸ್ತಿಯಾನರದು. ಅಲ್ಲಿ ಈ ಸಲ ಚರ್ಚಿಗೆ ಮೊದಲು ನೆಲದಡಿಯ ಸಮಾಧಿಗಳಿಗೆ, ಕ್ಯಾಟಕೋಂಬ್‌ಗೆ, ಇಳಿಯುವುದೆಂದು ಫಾದರ್ ಏರ್ಪಾಡು ಮಾಡಿದ್ದರು. ನಿನ್ನಮ್ಮ ಪಕ್ಕದ ಬಾಗಿಲನ್ನು ಎರಡು ಸಲ ನೋಡಿದರು.

"ಇದು ಚರ್ಚಲ್ಲ, ಗಣಿ," ಎಂದರು. "ಗಣಿ ಮೇಲೆ ನಾನು ಆಣೆ ಇಟ್ಟಿಲ್ಲ." ಎಲ್ಲರಿಗಿಂತ ಮುಂದೆ ಇಳಿದುಬಿಟ್ಟರು.

ಕೆಳಗಿನ ಗಾಳಿ ತಂಪಾಗಿ, ತೊಳೆದ ಮಡಕೆಯೊಳಗಿನ ವಾಸನೆಯಂತೆ ಇತ್ತು. ಎರಡೂ ಕಡೆ ಗೋಡೆಯಲ್ಲಿ ಒಂದರ ಮೇಲೊಂದು ಗೂಡುಗಳು, ಉದ್ದದವು, ಗಿಡ್ಡನೆಯವು, ಎಷ್ಟೋ ತೋಳಿನಷ್ಟೇ ಉದ್ದದವು. ನನಗೆ ಅಲ್ಲಿ ಎಂದೂ ಭಯವಾಗಿಲ್ಲ. ಶ್ರೀಮಂತರೂ ಕೂಲಿಗಳೂ ಒಂದೇ ಮಣ್ಣಿನಲ್ಲಿ ಒಬ್ಬರ ಪಕ್ಕ ಒಬ್ಬರು ಇಷ್ಟು ಶಿಸ್ತಾಗಿ ಮಲಗಿದ್ದಾರಲ್ಲ, ಇದನ್ನು ತೋಡಿದವರ ಕೈಗೆ ಎಂಥ ತಾಳ್ಮೆ ಇತ್ತು ಎಂದು ಬೆರಗಾಗುತ್ತದೆ. ಒಂದು ಗೋಡೆಯ ತುಂಬ ಜನ ಮೊಳೆಯಿಂದ ಗೀಚಿದ್ದಾರೆ: ಪೇತ್ರ, ಪೌಲ, ನಮ್ಮನ್ನು ನೆನಪಿಟ್ಟುಕೊಳ್ಳಿ. ಬಸ್ ನಿಲ್ದಾಣದ ಗೋಡೆಯಂತೆಯೇ ಇದೆ. ಸಾವಿರದ ಏಳುನೂರು ವರ್ಷ ಹಳೆಯದು, ಅಷ್ಟೇ.

ಮಾರ್ಗದರ್ಶಿ ನೆಗಡಿ ಹಿಡಿದಿದ್ದ ಹೆಂಗಸು. ಒಂದು ಪುಟ್ಟ ಗೂಡಿನ ಅಂಚಿಗೆ ಟಾರ್ಚ್ ಹಿಡಿದರು. ಗಾರೆಯಲ್ಲಿ ಅರ್ಧ ಕಪ್ಪೆಚಿಪ್ಪು, ಪಕ್ಕದಲ್ಲಿ ಒಂದು ಮೂಳೆಯ ಬಟನ್. "ಹೆಸರು ಕೆತ್ತಿಸೋಕೆ ಆಗದೋರು ಹಸಿ ಗಾರೆಗೆ ಮನೆಯದೊಂದು ವಸ್ತು ಒತ್ತಿ ಹೋಗೋರು," ಎಂದರು ಮೂಗೊರೆಸಿಕೊಳ್ಳುತ್ತ. "ಇಷ್ಟು ಸಾವಿರದೊಳಗೆ ನಮ್ಮದು ಯಾವುದು ಅಂತ ಮುಂದಿನ ಸಲ ಗೊತ್ತಾಗಬೇಕಲ್ಲ."

ಗುಂಪು ಮುಂದೆ ಹೋಯಿತು. ನಿನ್ನಮ್ಮ ಹೋಗಲಿಲ್ಲ. ಕಪ್ಪು ಹೆಬ್ಬೆರಳನ್ನು ಬಟನ್‌ನ ಹತ್ತಿರ ತಂದು, ಮುಟ್ಟದೆ ಹಿಂತೆಗೆದರು.

"ಇವರಿಗೆ ಒಂದು ಬಟನ್ ಸಾಕಾಯ್ತು," ಎಂದರು. "ನನ್ನೋಳು ಅದನ್ನೂ ಬಿಟ್ಟು ಹೋಗಲಿಲ್ಲ ಕಣೇ. ಹಾಸಿಗೆ ಮಡಚಿಟ್ಟಿದ್ಲು. ಒಂದು ಚೀಟಿ ಇಲ್ಲ."

ನಾನು ಭುಜದ ಚೀಲವನ್ನು ಎದೆಗೊತ್ತಿಕೊಂಡೆ. ಹೇಳುವವಳು ನಾನಲ್ಲ ಎಂದು ನಿನಗೆ ಗೊತ್ತು.

ಮೆಟ್ಟಿಲು ಹತ್ತಿ ಮೇಲೆ ಬಂದರೆ, ಅಯ್ಯೋ ದೊನಾತಾ, ನಾವಿದ್ದದ್ದು ನೇರವಾಗಿ ಚರ್ಚಿನೊಳಗೆ! ಇಳಿಯುವುದು ಪಕ್ಕದಿಂದ, ಹತ್ತುವುದು ಒಳಕ್ಕೆ. ನಲವತ್ತು ವರ್ಷದಿಂದ ಈ ದಾರಿ ನಡೆದ ಹೆಂಗಸು ಅದನ್ನು ಮರೆತಿದ್ದರು. ನಿನ್ನಮ್ಮ ಕೊನೆಯ ಮೆಟ್ಟಿಲಲ್ಲಿ ಮೇಲಿನ ಬಣ್ಣದ ಚಾವಣಿ ಕಂಡು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡುಬಿಟ್ಟರು.

"ಮೂಗಿ! ನನ್ನ ಕೈ ಹಿಡ್ಕೊ. ಹೊರಗೆ ಕರ್ಕೊಂಡು ಹೋಗು. ನಾನು ನೋಡಿಲ್ಲ ಅಂದ್ರೆ ಬಂದ ಹಾಗಲ್ಲ."

"ಎಲ್ವಿರಾ, ಅವನಂತೂ ನಿನ್ನನ್ನ ನೋಡಿಬಿಟ್ಟ," ಎಂದು ಫಾದರ್ ಹಿಂದಿನಿಂದ ಹೇಳಿದರು.

"ನೋಡ್ಲಿ! ನೋಡಿ ನಾಚ್ಕೊಳ್ಳಲಿ!"

ಕಣ್ಣು ಬಿಗಿಯಾಗಿ ಮುಚ್ಚಿದ ನಿನ್ನಮ್ಮನನ್ನು ಕೈ ಹಿಡಿದು ಆ ಇಡೀ ಚರ್ಚಿನ ಉದ್ದಕ್ಕೂ ನಡೆಸಿಕೊಂಡು ಹೋದೆ. ಜನ ಅವರನ್ನು ಕುರುಡಿ ಎಂದುಕೊಂಡು ದಾರಿ ಬಿಟ್ಟರು. ಒಬ್ಬ ಮುದುಕ ಟೋಪಿ ತೆಗೆದ. ಅಷ್ಟು ನಂಬಿ ಯಾರೂ ನನ್ನ ಕೈ ಹಿಡಿದಿರಲಿಲ್ಲ.

ಮಧ್ಯಾಹ್ನ ಚೇಲಿಯೊ ಗುಡ್ಡದ ತೋಟದಲ್ಲಿ ಎಂದಿನ ಊಟ: ಬ್ರೆಡ್, ಬೇಯಿಸಿದ ಮೊಟ್ಟೆ, ಒಂದು ತುಂಡು ಚೀಸ್, ಸಲಾಮಿ, ಸೇಬು, ಅರ್ಧ ಲೋಟ ವೈನ್. ನಿನ್ನಮ್ಮ ಸಕ್ಕರೆ ಉದುರಿಸಿದ ಫ್ರಾಪ್ಪೆಯನ್ನೂ ಕರಿದು ತಂದಿದ್ದರು. ಬಾಯಿಗಿಟ್ಟರೆ ಚೂರುಚೂರಾಗಿ ಮಡಿಲಿಗೆಲ್ಲ ಬೀಳುವಂಥದ್ದು. ಊಟವಾದ ಮೇಲೆ ಅವರು ಮಾತಾಡಲಿಲ್ಲ. ಲ್ಯಾಟರನ್, ಪವಿತ್ರ ಶಿಲುಬೆಯ ಚರ್ಚು, ಸಂತ ಲೊರೆಂಜೊ, ಮೂರಕ್ಕೂ ಹೊರಗೇ ನಿಂತರು. ಒಳಗೆ ಏನಿತ್ತು ಎಂದು ಕೇಳಲೂ ಇಲ್ಲ. ಸಂತ ಲೊರೆಂಜೊದ ನೆಲದ ಬಣ್ಣದ ಕಲ್ಲುಗಳ ಮೇಲೆ ಬಿಸಿಲು ಬಿದ್ದದ್ದನ್ನು ನಾನು ಒಬ್ಬಳೇ ಇಟ್ಟುಕೊಂಡೆ.

ಸಂಜೆ ಐದರ ಹೊತ್ತಿಗೆ ಏಳನೆಯದಕ್ಕೆ, ಮಾತೆ ಮರಿಯಳ ದೊಡ್ಡ ಚರ್ಚಿಗೆ ಬಂದೆವು. ಮಕ್ಕಳು ಬಣ್ಣದ ಕಾಗದದ ಚೂರು ಎರಚುತ್ತಿದ್ದರು, ನಿನ್ನಮ್ಮನ ಕೂದಲಲ್ಲೂ ಎರಡು ಸಿಕ್ಕಿಕೊಂಡಿದ್ದವು. ಮೆಟ್ಟಿಲ ಮೇಲೆ ಸ್ವಲ್ಪ ನಿಂತರು. ಆಮೇಲೆ ನನ್ನ ಮುಖವನ್ನೂ ನೋಡದೆ ಒಳಗೆ ನಡೆದರು. ಕಣ್ಣು ತೆರೆದುಕೊಂಡೇ.

ಕೊನೆಯ ಬೆಂಚಿನಲ್ಲಿ ಕೂತು ಶೂ ಬಿಚ್ಚಿದರು. ಮಂಡಿಯೂರಲಿಲ್ಲ. ಚಿನ್ನದ ಚಾವಣಿಯನ್ನೇ ನೋಡುತ್ತ ಕೂತರು, ಸಾಲ ವಸೂಲಿಗೆ ಬಂದವರು ಯಜಮಾನನಿಗಾಗಿ ಕಾಯುವ ಹಾಗೆ. ಹೊರಗೆ ಬಂದ ಮೇಲೆ ಹೇಳಿದ್ದು ಇಷ್ಟೇ: "ಬರ್ತೀನಿ ಅಂತ ಬರಿ."

ಬರುತ್ತಾರೆ, ದೊನಾತಾ. ಇದು ನಿನ್ನ ಪ್ರಶ್ನೆಗೆ ಉತ್ತರ. ಈ ಊರಲ್ಲಿ ನಾನು ಕಂಡ ಎಲ್ಲ ಕಂಬ, ಗುಮ್ಮಟ, ಚಾವಣಿಗಳಿಗಿಂತ ಆ ಹೆಂಗಸು ಶೂ ಬಿಚ್ಚಿ ಕೂತಿದ್ದ ರೀತಿ ನನಗೆ ದೊಡ್ಡದಾಗಿ ಕಂಡಿತು.

ಉಪವಾಸದ ದಿನಗಳು ನಿನ್ನ ಮೈಗೆ ಹಗುರವಾಗಿರಲಿ. ನಿಮ್ಮ ಹಿತ್ತಲಿನ ಬಾದಾಮಿ ಮರ ಬೇಗ ಹೂ ಬಿಡಲಿ, ಹಿರಿಯ ತಾಯಿಯ ಕೆಮ್ಮು ನಿಲ್ಲಲಿ. ದೇವರು ನಿನ್ನನ್ನು ಕಣ್ಣೆದುರಿಗೇ ಇಟ್ಟುಕೊಳ್ಳಲಿ.

ನಿನ್ನ
ಫ್ಲಮಿನಿಯಾ

ತಾ.ಕ. ಇದು ಮರೆತು ಉಳಿದ ಮಾತಲ್ಲ. ಇದನ್ನು ಬರೆಯುವ ಧೈರ್ಯ ಬರಲಿ ಎಂದೇ ಮೇಲಿನದೆಲ್ಲ ಬರೆದೆ.

ನೀನು ಹೊರಟ ದಿನ ಬೆಳಗ್ಗೆ ಟ್ರಾಮ್ ನಿಲ್ದಾಣದಲ್ಲಿ, "ಒಂಬತ್ತರೊಳಗೆ ಅಮ್ಮನ ಕೈಗೆ ಕೊಡು" ಎಂದು ನನಗೆ ಕೊಟ್ಟ ಪತ್ರವನ್ನು ನಾನು ಕೊಡಲಿಲ್ಲ. ಅಂಗಡಿಯ ಎದುರಿಗೆ ಹೋಗಿ ನಿಂತೆ. ನಿನ್ನಮ್ಮ ಗಿರಾಕಿಗಳ ಜೊತೆ ಜೋರಾಗಿ ನಗುತ್ತಿದ್ದರು. ಆ ನಗು ನನ್ನ ಕೈಯಿಂದ ನಿಲ್ಲಬೇಕಲ್ಲ ಎಂದು ಕಾಲು ಏಳಲಿಲ್ಲ. ಮಧ್ಯಾಹ್ನ ಕೊಡೋಣ ಎಂದುಕೊಂಡೆ. ಸಂಜೆ ಅವರೇ ನಮ್ಮ ಮನೆಗೆ ಬಂದು, "ಒಂದು ಚೀಟಿ ಇಲ್ಲ ಕಣೇ" ಎಂದು ಅತ್ತರು. ಆ ಹೊತ್ತಿನಲ್ಲಿ ಕೊಡದ ಮೇಲೆ ಯಾವ ಹೊತ್ತಿನಲ್ಲಿ ಕೊಡಲಿ? ನೀನು ಅಲ್ಲಿ, ಅಮ್ಮ ಓದಿಯೂ ಕಲ್ಲಾದಳು ಎಂದುಕೊಂಡೆ. ಅವರು ಇಲ್ಲಿ, ಮಗಳು ಮಾತಿಲ್ಲದೆ ಹೋದಳು ಎಂದುಕೊಂಡರು. ಇಬ್ಬರ ಮಧ್ಯೆ ನಾನು ಇಬ್ಬರಿಗೂ ಒಳ್ಳೆಯವಳಾಗಿ ಬದುಕಿದೆ.

ಗುರುವಾರ ತೋಟದಲ್ಲಿ, ಊಟವಾದ ಮೇಲೆ, ಪತ್ರವನ್ನು ಅವರ ಮಡಿಲಲ್ಲಿಟ್ಟು ಎಲ್ಲ ಹೇಳಿದೆ. ಬೈಯಲಿಲ್ಲ. ತೆರೆಯಲೂ ಇಲ್ಲ. ರವಿಕೆಯೊಳಗೆ ಇಟ್ಟುಕೊಂಡು ಎದ್ದು ನಡೆದರು. ಅದನ್ನು ಎದೆಗಿಟ್ಟುಕೊಂಡೇ ಅವರು ಏಳನೆಯ ಚರ್ಚಿಗೆ ಹೋದದ್ದು.

ನಿನ್ನೆ ಸಂಜೆ ಕರೆಸಿದರು. ಲಕೋಟೆ ಮೇಜಿನ ಮೇಲಿತ್ತು, ಇನ್ನೂ ಅಂಟಿಸಿದ ಹಾಗೇ. "ಎರಡೂವರೆ ವರ್ಷ ನೀನು ಇಟ್ಕೊಂಡಿದ್ದೆ. ನೀನೇ ಓದು," ಎಂದರು.

ಓದಿದೆ. ಅದರೊಳಗೆ ಏನಿದೆ ಎಂದು ನನಗೆ ಗೊತ್ತಿರಲಿಲ್ಲ, ನನ್ನಾಣೆ ಗೊತ್ತಿರಲಿಲ್ಲ. "ಅಮ್ಮಾ, ಹನ್ನೆರಡರ ರೈಲಿಗೆ ಟೆರ್ಮಿನಿಯಲ್ಲಿ ಇರ್ತೀನಿ. ಬಂದು ಬಾಯಿತುಂಬ ಬೈದು ಕಳಿಸು. ಅಂಗಡಿ ಬಿಟ್ಟು ಬರೋಕೆ ತಡ ಆದ್ರೆ ಮುಂದಿನ ರೈಲಿಗೆ ಹೋಗ್ತೀನಿ. ಅದಕ್ಕೂ ಆಗದಿದ್ರೆ ಅದರ ಮುಂದಿನದಕ್ಕೆ."

ನಿನ್ನಮ್ಮ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿದರು. ಆಮೇಲೆ ಕೇಳಿದ್ದು ಒಂದೇ ಮಾತು. ಅದರ ಉತ್ತರ ಗೊತ್ತಿರುವುದು ನಿನಗೊಬ್ಬಳಿಗೇ. ಈಸ್ಟರ್ ಕಳೆದ ಮೇಲೆ ನನಗೆ ಬರೆಯಲು ನಿನಗೆ ಮನಸ್ಸು ಬಾರದಿದ್ದರೆ ಬೇಡ. ಆದರೆ ಅವರಿಗೆ ಬರೆ, ಈ ಸಲ ತೆರೆಯುತ್ತಾರೆ.

ಆ ದಿನ ಕಾಯುತ್ತ ಎಷ್ಟು ರೈಲು ಹೋಗಲು ಬಿಟ್ಟೆ, ದೊನಾತಾ?