ಹಿಂದಾಳು ಇಲ್ಲದ ಇಳಿಜಾರು

ಅನಗೋಳ, ಬೆಳಗಾವಿ
೯ ಡಿಸೆಂಬರ್ ೨೦೨೫, ಮಂಗಳವಾರ

ಪ್ರೀತಿಯ ಬೀರೇಶಣ್ಣಾ,

ಈ ಪತ್ರದಲ್ಲಿ ಕಣಕುಂಬಿಯ ಮಾತು ತೆಗೆಯಲೇಬಾರದು ಎಂದುಕೊಂಡಿದ್ದೆ. ಹಾಗೆ ಬರೆದ ಎರಡು ಹಾಳೆ ಹರಿದು ಹಾಕಿದ್ದೇನೆ. ಲೇಖನ ಕೊಟ್ಟಿದ್ದೇನೆ, ಅಪ್ಪ ಆರಾಮಾಗಿದ್ದಾನೆ, ಸಮಾರಂಭಕ್ಕೆ ಬಾ ಎಂದು ಮೂರು ಸಾಲಿನಲ್ಲಿ ಮುಗಿಸಬಹುದಿತ್ತು. ಇಪ್ಪತ್ತೆರಡು ವರ್ಷ ಹಾಗೆಯೇ ಮುಗಿಸಿದ್ದೇನಲ್ಲ. ಫೋನು ಮಾಡಿದರೆ ನೀನು ನಗುತ್ತೀ, ನಡುವೆ ಬಾಯಿ ಹಾಕುತ್ತೀ. ಮೆಸೇಜು ಕಳಿಸಿದರೆ ಹೆಬ್ಬೆರಳಿನ ಚಿತ್ರವೊಂದು ಬರುತ್ತದೆ. ಅದಕ್ಕೇ ಕಾಗದ.

ಮೊದಲು ನಿನ್ನ ಬೆರಳು ಹೇಗಿವೆ ಹೇಳು. ಹಿಮದಲ್ಲಿ ಎರಡು ಬೆರಳ ತುದಿ ಕಪ್ಪಾದದ್ದನ್ನು ಹೋದ ತಿಂಗಳು ಮದುವೆಯ ಸುದ್ದಿ ಹೇಳಿದ ಹಾಗೆ ಹೇಳಿದೆ. ಮನಾಲಿಯ ಡಾಕ್ಟರು ಏನೆಂದರು? ಅಪ್ಪನ ಮಂಡಿ ಇದ್ದ ಹಾಗೇ ಇದೆ. ಬೆಳಿಗ್ಗೆ ಹಾಲಿನ ಡೇರಿಯವರೆಗೆ ಹೋಗುತ್ತಾನೆ, ದಾರಿಯಲ್ಲಿ ಸಿಕ್ಕವರಿಗೆಲ್ಲ ಮೊಬೈಲಿನಲ್ಲಿ ನಿನ್ನ ಫೋಟೊ ತೋರಿಸುತ್ತಾನೆ. ಮುಂದಿನದಕ್ಕೆ ಸರಿಸಲು ಬರುವುದಿಲ್ಲವಾದ್ದರಿಂದ ಡೇರಿಯವರು ಎರಡು ವರ್ಷದಿಂದ ಒಂದೇ ಶಿಖರವನ್ನು ನೋಡುತ್ತಿದ್ದಾರೆ. ಅವ್ವ ಇದ್ದಿದ್ದರೆ ಆ ಫೋಟೊ ನೋಡಿ ಮೊದಲು ನಿನ್ನ ಟೊಪ್ಪಿಗೆ ಸರಿಯಿಲ್ಲ ಎನ್ನುತ್ತಿದ್ದಳು.

ಚಾರಣ ಸಂಘದವರು ಈ ತಿಂಗಳ ಇಪ್ಪತ್ತೊಂದಕ್ಕೆ ನಿನಗೆ ಮಾಡುವ ಸನ್ಮಾನದ ಸ್ಮರಣ ಸಂಚಿಕೆಗೆ ನಿನ್ನ ಹೆಸರಿನಲ್ಲಿ ಒಂದು ಲೇಖನ ಬೇಕು ಎಂದು ನೀನೇ ಅಂದಿದ್ದೆ. "ಇಷ್ಟ ತ್ರಾಸು, ಜೀವದ ಅಂಜಿಕಿ ಇದ್ರೂ ಮಂದಿ ಗುಡ್ಡಾ ಯಾಕ ಹತ್ತತಾರ ಅಂತ ಎರಡ ಹಾಳಿ ಬರಿಯವಾ. ನಿನಗ ಮಾತು ಛಲೋ ಕೂಡತಾವ." ಹೌದು, ಕೂಡುತ್ತವೆ. ನಿನ್ನ ಮೊದಲ ಶಿಬಿರದ ಅರ್ಜಿಯಿಂದ ಹಿಡಿದು ಪತ್ರಿಕೆಯಲ್ಲಿ ಬಂದ ಎಲ್ಲ ಅನುಭವ ಕಥನಗಳವರೆಗೆ ನಾನೇ ಕೂಡಿಸಿದ್ದೇನೆ. ನೀನು ಫೋನಿನಲ್ಲಿ ಹೇಳುತ್ತಿದ್ದೆ, ನಾನು ಕಾಲೇಜಿನ ಲೈಬ್ರರಿಯ ಮೇಜಿನ ಮೇಲೆ ಬರೆಯುತ್ತಿದ್ದೆ. ನೋಡದ ಹಿಮವನ್ನು ಎಷ್ಟು ಚೆನ್ನಾಗಿ ಬರೆದಿದ್ದೆನೆಂದರೆ, ಓದಿದವರು ಚಳಿಯಾಯಿತು ಎನ್ನುತ್ತಿದ್ದರಂತೆ. ಇಂಗ್ಲಿಷ್ ಸಾಲಿಯಲ್ಲಿ ಕಲಿತವಳಿಗೆ ಕನ್ನಡ ಹಿಡಿತಕ್ಕೆ ಬಂದದ್ದೇ ನಿನ್ನ ಹೆಸರಿನಲ್ಲಿ ಬರೆದು. ಆ ಒಂದು ಉಪಕಾರವನ್ನು ಒಪ್ಪಿಕೊಳ್ಳುತ್ತೇನೆ.

ಆದರೆ ಈ ಸಲ ಪ್ರಶ್ನೆ ನಿನ್ನದಾಗಿ ಉಳಿಯಲಿಲ್ಲ. ಮಂದಿ ಯಾಕೆ ಹತ್ತುತ್ತಾರೆ ಎಂದು ಬರೆಯಲು ಕುಳಿತರೆ, ನಾನು ಇಷ್ಟು ವರ್ಷ ಯಾಕೆ ಹತ್ತಲಿಲ್ಲ ಎನ್ನುವುದೇ ಮುಂದೆ ಬಂದು ನಿಂತಿತು.

ನಮ್ಮ ಮುತ್ತಪ್ಪಜ್ಜ ಕುರಿ ಹಿಂಡು ಹೊಡೆದುಕೊಂಡು ಸುಗ್ಗಿ ಮುಗಿದ ಮೇಲೆ ಖಾನಾಪುರದ ಭತ್ತದ ಗದ್ದೆಗಳಿಗೆ ಬರುತ್ತಿದ್ದದ್ದು ನಿನಗೂ ಗೊತ್ತು. ಆ ನಡಿಗೆಯಲ್ಲಿ ಮುಂದಿದ್ದವನಿಗಿಂತ ಕೊನೆಯಲ್ಲಿ ನಡೆಯುವ ಹಿಂದಾಳಿಗೆ ಮರ್ಯಾದೆ ಹೆಚ್ಚು. ಕೊನೆಯ ಕುರಿ ಅವನ ಕಣ್ಣ ಮುಂದಿರಬೇಕು. ಅದು ಕುಂಟಿದರೆ ಅವನೂ ಕುಂಟಬೇಕು. ಅದನ್ನು ದಾಟಿ ಅವನು ಮುಂದೆ ಬಂದನೆಂದರೆ ಆ ದಿನ ಯಾರೂ ಅವನ ಜೊತೆ ಊಟಕ್ಕೆ ಕೂಡುತ್ತಿರಲಿಲ್ಲ. ತಪ್ಪಿಸಿಕೊಂಡವರಿಗೂ ಒಂದು ಕಟ್ಟಳೆ: ನಿಂತಲ್ಲಿಂದ ಅಲುಗಬಾರದು. ಹಿಂದಾಳು ಬಂದೇ ಬರುತ್ತಾನೆ. ಅಪ್ಪ ಕುರಿ ಬಿಟ್ಟು ಫೌಂಡ್ರಿ ಸೇರಿದರೂ ಇದನ್ನು ಬಿಡಲಿಲ್ಲ. ರವಿವಾರ ಪೇಟೆಗೆ ಸಂತೆಗೆ ಹೋದರೂ ನಮ್ಮಿಬ್ಬರನ್ನು ಮುಂದೆ ಬಿಟ್ಟು ತಾನು ಹಿಂದೆ ನಡೆಯುತ್ತಿದ್ದ. ಏಳು ವರ್ಷದವಳಿದ್ದಾಗ ಅಲ್ಲಿ ನಾನು ಕಳೆದುಹೋಗಿದ್ದೆ. ಬೆಲ್ಲದ ಅಂಗಡಿಯ ಮುಂದೆ ಒಂದು ತಾಸು ಅಳುತ್ತ ನಿಂತಿದ್ದೆ, ಅಂಗಡಿಯವ ಕರೆದರೂ ಒಳಗೆ ಹೋಗಲಿಲ್ಲ. ಅಪ್ಪ ಬಂದು ತಲೆ ಸವರಿ ಅಂದದ್ದು, "ನಿಂತಿಯಲ್ಲ, ಶಾಣ್ಯಾಕಿ." ಅಷ್ಟು ದೊಡ್ಡ ಹೊಗಳಿಕೆ ನನಗೆ ಆಮೇಲೆ ಸಿಗಲಿಲ್ಲ.

ಹೀಗಾಗಿ ೨೦೦೩ರ ಜುಲೈನಲ್ಲಿ ಕಣಕುಂಬಿಯ ಕಾಡಿನಲ್ಲಿಯೂ ನಾನು ನಿಂತೆ. ಸಂಘದ ಹನ್ನೊಂದು ಮಂದಿ ಗುಡ್ಡ ಇಳಿಯುತ್ತಿದ್ದೆವು, ನೀನು ಹಿಂದಾಳು. ಹಳ್ಳದ ಬಂಡೆಯ ಮೇಲೆ ನನ್ನ ಮೊಣಕಾಲು ತಿರುಚಿತು. ನೀನು ಬಗ್ಗಿ ನೋಡಿ, ಕಾಲಿಗೆ ಹತ್ತಿದ ಇಂಬಳ ಕಿತ್ತು, "ನೀ ಸಾವಕಾಶ ಬಾ, ನಾ ಹಿಂದ ಇರ್ತೀನಿ" ಅಂದೆ. ಅಂದದ್ದು ನಿಜ ತಾನೇ? ಈ ವಾಕ್ಯವನ್ನು ನಾನೇ ಹುಟ್ಟಿಸಿಕೊಂಡೆನೋ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಇಲ್ಲ, ನೀನು ಅಂದಿದ್ದೆ. ಹಿಮಾಲಯದ ಶಿಬಿರಕ್ಕೆ ಒಬ್ಬನನ್ನು ಆರಿಸಲು ಬಂದವರು ಮುಂದಿನ ಗುಂಪಿನಲ್ಲಿದ್ದರು. ರಸ್ತೆಗೆ ಯಾರು ಮೊದಲು ಮುಟ್ಟುತ್ತಾರೋ ನೋಡುತ್ತಿದ್ದರು. ಬಿದಿರು ಮೆಳೆಯ ಆಚೆ ಒಂದು ಅಡ್ಡದಾರಿ ಇತ್ತು. ನಾನು ಒಂದು ಬಾಗು ದಾಟಿ ತಿರುಗಿ ನೋಡಿದಾಗ ಹಿಂದೆ ಮಳೆ ಮಾತ್ರ ಇತ್ತು. ಎರಡು ಗಂಟೆಯಿಂದ ಆರೂವರೆಯವರೆಗೆ ಅಲ್ಲೇ ಒಂದು ಬಂಡೆಯ ಮೇಲೆ ಕುಳಿತೆ. ಕೆಳಗೆ ಇನ್ನೂರು ಹೆಜ್ಜೆಗೆ ಗಾಡಿದಾರಿ ಇದ್ದದ್ದು ಆಮೇಲೆ ಗೊತ್ತಾಯಿತು. ಬೇರೆ ಯಾರಾದರೂ ತೆವಳಿಕೊಂಡಾದರೂ ಇಳಿದುಬಿಡುತ್ತಿದ್ದರು. ನಮ್ಮ ಮನೆಯವಳಾದ್ದರಿಂದ ನಾನು ಕಾದೆ.

ಎಮ್ಮೆ ಹುಡುಕಲು ಬಂದ ಜಾನಾಬಾಯಿ ಎನ್ನುವ ಮುದುಕಿ ಸಿಗದಿದ್ದರೆ ಈ ಪತ್ರ ಇರುತ್ತಿರಲಿಲ್ಲ. ಬೆನ್ನ ಮೇಲೆ ಹೊತ್ತಂತೆಯೇ ತನ್ನ ಮನೆಗೆ ಕರೆದೊಯ್ದಳು, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ದಾರಿಯುದ್ದಕ್ಕೂ ಬೈದಳು, "ಇಷ್ಟ ದೊಡ್ಡಾಕಿ ಆಗಿ ಕಲ್ಲಿನ ಮ್ಯಾಲ ಕುಂತೀಯಲ್ಲ, ದೇವರ ಗತೆ." ಮರುದಿನ ಬೆಳಿಗ್ಗೆ ಕಣಕುಂಬಿಯ ಬಸ್ ನಿಲ್ದಾಣದಲ್ಲಿ ಅಪ್ಪ ಇದ್ದ, ನೀನಿದ್ದೆ. ಅಷ್ಟರಲ್ಲಿ ನೀನು ಹೇಳಿ ಮುಗಿಸಿದ್ದೆ: "ಅಕಿ ನನ್ನ ಮಾತ ಕೇಳಲಿಲ್ಲ, ತನ್ನಷ್ಟಕ್ಕ ಬ್ಯಾರೆ ಹಾದಿ ಹಿಡದ್ಳು." ಅಪ್ಪ ಬೈಯಲಿಲ್ಲ. ನನ್ನ ಕಾಲು ನೋಡಿ ಮೆಲ್ಲಗೆ ಅಂದ, "ಕುರಿಗಿದ್ದ ಬುದ್ಧಿ ನಿನಗಿಲ್ಲಲ್ಲವಾ." ಆಗ ಬಾಯಿ ಬಿಡಬೇಕಿತ್ತು. ಜ್ವರವಿತ್ತು, ನೀನು ಆಯ್ಕೆಯಾಗಿದ್ದೆ, ಅವ್ವ ದೇವರಿಗೆ ತುಪ್ಪದ ದೀಪ ಹಚ್ಚಿದ್ದಳು. ನಾಳೆ ಹೇಳಿದರಾಯಿತು ಎಂದುಕೊಂಡೆ. ಆಮೇಲೆ ನೀನು ದೊಡ್ಡವನಾಗುತ್ತ ಹೋದೆ. ಹೇಳಿದರೆ ಹೊಟ್ಟೆಕಿಚ್ಚು ಅನ್ನಿಸುತ್ತಿತ್ತು. ಇಂದಿಗೂ ಮನೆಗೆ ನೆಂಟರು ಬಂದರೆ ನನ್ನನ್ನು ಪರಿಚಯಿಸುವುದು, ಇವಳೇ ಕಾಡಿನಲ್ಲಿ ದಾರಿ ತಪ್ಪಿದವಳು ಎಂದು.

ಈಗ ನಿನಗೆ ಗೊತ್ತಿಲ್ಲದ ಸುದ್ದಿ. ಹೋದ ವರ್ಷ ನವೆಂಬರಿನಲ್ಲಿ ಪ್ರಮಿಳಾ ಅವರ ಹೆಂಗಸರ ಗುಂಪಿನ ಜೊತೆ ಅದೇ ಗುಡ್ಡಕ್ಕೆ ಹೋದೆ. ಸಂಘದ ಸಂಚಿಕೆಯ ಸಂಪಾದಕಿಯೂ ಅವರೇ. ಗುಡ್ಡದ ಪ್ರೀತಿಯಿಂದ ಹೋಗಲಿಲ್ಲ. ಆ ಬಂಡೆಯನ್ನು ಕಣ್ಣಾರೆ ನೋಡಿ, ಅಲ್ಲಿಂದ ನಿನಗೆ ಫೋನು ಮಾಡಿ ಬೈಯಬೇಕೆಂದು ಹೋದೆ. ಮೊದಲ ಏರಿನಲ್ಲಿಯೇ ಉಸಿರು ಗಂಟಲಿಗೆ ಬಂತು. ಮೊಣಕಾಲಿಗೆ ಪಟ್ಟಿ ಸುತ್ತಿದ್ದೆ, ಅದು ಬೆವರಿನಿಂದ ಜಾರುತ್ತಿತ್ತು. ಸಡಿಲು ಕಲ್ಲಿನ ಒಂದು ತಿರುವಿನಲ್ಲಿ ಕೆಳಗೆ ನೋಡಿ ಪಕ್ಕದ ಬಂಡೆ ಹಿಡಿದು ನಿಂತುಬಿಟ್ಟೆ. ಆಗ ಹಿಂದಿನಿಂದ ಪ್ರಮಿಳಾ, "ನಿಮ್ಮ ಹಿಂದ ನಾ ಅದೀನ್ರಿ, ಬೇಕಾದಷ್ಟು ಹೊತ್ತು ತಗೋರಿ" ಅಂದರು. ತಿರುಗಿ ನೋಡಿದೆ. ಖರೇ ಇದ್ದರು. ಒಂದು ಕಾಲು ಎತ್ತಿಟ್ಟೆ, ಮತ್ತೊಂದು. ಮನೆಯ ಕಷ್ಟ, ನೌಕರಿಯ ಕಷ್ಟ ಯಾವಾಗ ಬಂತು ಯಾವಾಗ ಹೋಯಿತು ತಿಳಿಯುವುದಿಲ್ಲ. ಇಲ್ಲಿ ಕಷ್ಟಕ್ಕೆ ತುದಿ ಇತ್ತು, ಅದು ಕಣ್ಣಿಗೆ ಕಾಣುತ್ತಿತ್ತು. ಹೆದರಿಕೆಯೂ ಒಂದೇ, ಮುಂದಿನ ಕಲ್ಲು ಗಟ್ಟಿಯೋ ಸಡಿಲೋ. ಉಳಿದ ನೂರು ಹೆದರಿಕೆಗಳು ಎಲ್ಲಿ ಹೋದವೋ. ತುದಿಯಲ್ಲಿ ಗಾಳಿಗೆ ಮುಖ ಕೊಟ್ಟು ಕುಳಿತು ಗಟ್ಟಿ ರೊಟ್ಟಿ, ಶೇಂಗಾ ಚಟ್ನಿ ತಿಂದೆ. ನಲವತ್ತೆರಡು ವರ್ಷದಲ್ಲಿ ಅಷ್ಟು ರುಚಿಯ ರೊಟ್ಟಿ ತಿಂದಿರಲಿಲ್ಲ. ಹೊಳೆ ಹುಟ್ಟುವ ಆ ಕಾಡನ್ನು ಮೇಲಿನಿಂದ ನೋಡುತ್ತ ಸುಮ್ಮನೆ ನಕ್ಕೆ.

ನಕ್ಕ ಮೇಲೆ ನಿಜವಾದ ಸಿಟ್ಟು ಬಂತು, ಅಣ್ಣಾ. ಅಲ್ಲಿಯವರೆಗೆ ನೀನು ನನ್ನ ಒಂದು ಮಧ್ಯಾಹ್ನವನ್ನು, ಅಪ್ಪನ ಒಂದು ಮಾತನ್ನು ಕಸಿದುಕೊಂಡೆ ಎಂದುಕೊಂಡಿದ್ದೆ. ಇದನ್ನೂ ಕಸಿದುಕೊಂಡಿದ್ದೆ. ಇಪ್ಪತ್ತೊಂದು ವರ್ಷ ನಾನು ಈ ಸುಖವನ್ನು ನಿನಗಾಗಿ ಬರೆಯುತ್ತಿದ್ದೆ, ಒಂದು ದಿನವೂ ಉಣ್ಣದೆ. ಇದು ಸೇಡಿನ ಮಾತೇ? ಇರಬೇಕು. ಒಳ್ಳೆಯ ತಂಗಿ ಹೀಗೆ ಯೋಚಿಸುವುದಿಲ್ಲವೇನೋ. ಆ ದಿನ ಫೋನು ಮಾಡಲಿಲ್ಲ. ಬೈದರೆ ಎರಡು ನಿಮಿಷದಲ್ಲಿ ಮುಗಿದು ಹೋಗುತ್ತದೆ ಎನಿಸಿತು. ಅದಾದ ಮೇಲೆ ಏಳು ಸಲ ಹತ್ತಿದ್ದೇನೆ. ಅಪ್ಪನಿಗೆ ಹೇಳಿಲ್ಲ, ಲೈಬ್ರರಿ ಕೆಲಸ ಎಂದು ಹೋಗುತ್ತೇನೆ. ಈಗ ಗುಂಪಿನಲ್ಲಿ ನಾನೇ ಹಿಂದಾಳು. ತೀರಾ ನಿಧಾನದವಳ ಹಿಂದೆ ಅವಳ ಬೈಗುಳ ಕೇಳುತ್ತ ನಡೆಯುತ್ತೇನೆ. ಮಂದಿ ಯಾಕೆ ಹತ್ತುತ್ತಾರೆ ಎಂದು ಕೇಳಿದೆಯಲ್ಲ, ಒಬ್ಬೊಬ್ಬರಿಗೆ ಒಂದೊಂದು ಕಾರಣ ಇದ್ದೀತು. ನಾನು ಕಂಡದ್ದು ಇಷ್ಟು: ಬಿದ್ದರೆ ಹಿಡಿಯುವವರು ಇದ್ದಾರೆ ಎಂದು ಜೀವವನ್ನೇ ಪಣಕ್ಕಿಟ್ಟು ನೋಡುವುದು ಊರಿನಲ್ಲಿ ಸಾಧ್ಯವಿಲ್ಲ. ಅಲ್ಲಿ ಸಾಧ್ಯ. ಹೌದೆಂದು ತಿಳಿದಾಗ ಆಗುವ ಸುಖಕ್ಕೆ ಮಂದಿ ಮತ್ತೆ ಮತ್ತೆ ಹೋಗುತ್ತಾರೆ. ಇಲ್ಲವೆಂದು ತಿಳಿದವಳು ನಾನು.

ಲೇಖನ ಬರೆದು ಪ್ರಮಿಳಾ ಅವರಿಗೆ ಕೊಟ್ಟಾಯಿತು. ವೈನಿಗೆ ನಮಸ್ಕಾರ ಹೇಳು, ಮಗುವಿಗೆ ಮುತ್ತು. ಬರುವಾಗ ಅಪ್ಪನಿಗೆ ಉಣ್ಣೆಯ ಕಾಲುಚೀಲ ತಾ, ಕೇಳುತ್ತಿದ್ದ. ಮನೆದೇವರು ಬೀರಪ್ಪ ನಿನ್ನ ಬೆರಳುಗಳನ್ನು ಕಾಯಲಿ.

ನಿನ್ನ ತಂಗಿ,
ಪೂನಮ

ತಾ.ಕ.: ಅವಸರದಲ್ಲಿ ಮುಖ್ಯವಾದದ್ದೇ ಬಿಟ್ಟೆ. ಲೇಖನ ನಿನ್ನ ಹೆಸರಿನಲ್ಲಿ, ನೀನೇ ಮಾತಾಡಿದ ಹಾಗೆ ಇದೆ. ಎರಡನೆಯ ಪುಟದಲ್ಲಿ ನೀನು ಹೀಗೆ ಹೇಳುತ್ತೀ: "ಆ ದಿನ ಹಿಂದಾಳು ನಾನು. ಕಾಲು ನೊಂದ ತಂಗಿಯನ್ನು ಬಿಟ್ಟು ಆಯ್ಕೆಯಾಗಲು ಮುಂದೆ ಓಡಿದೆ. ಅವಳು ಅಪ್ಪ ಕಲಿಸಿದಂತೆ ನಿಂತಲ್ಲೇ ಕಾದಳು. ದಾರಿ ತಪ್ಪಿದವನು ನಾನು." ನಿನ್ನನ್ನು ಕೇಳದೆ ಹೀಗೆ ಬರೆಯುವುದು ಸರಿಯೇ ಎಂದು ಮೂರು ದಿನ ಯೋಚಿಸಿದೆ. ನೋಡದ ಹಿಮವನ್ನು ನಿನ್ನ ಹೆಸರಿನಲ್ಲಿ ಬರೆಯುವಾಗ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಓದಿ ಪ್ರಮಿಳಾ, "ನಿಮ್ಮಣ್ಣ ಭಾಳ ಎದಿಗಾರ ಮನಶ್ಯಾರಿ" ಅಂದರು. ಇದರಿಂದಲೂ ನಿನಗೇ ಹೊಗಳಿಕೆ ಸಿಕ್ಕೀತೆಂದು ಒಂದು ಗಳಿಗೆ ಹೊಟ್ಟೆ ಉರಿಯಿತು. ಸಂಚಿಕೆ ಬಿಡುಗಡೆ ಮಾಡುವವ ಅಪ್ಪ. ಸನ್ಮಾನಿತರು ತಮ್ಮ ಲೇಖನವನ್ನು ವೇದಿಕೆಯ ಮೇಲೆ ತಾವೇ ಓದುವುದು ಸಂಘದ ರೂಢಿ. ಅಪ್ಪನ ಕುರ್ಚಿ ನಿನ್ನ ಪಕ್ಕದಲ್ಲಿರುತ್ತದೆ. ಇದು ತಾನು ಬರೆದದ್ದಲ್ಲ ಎಂದು ನೀನು ಹೇಳಬಹುದು. ಹಾಗಾದರೆ ಉಳಿದವನ್ನು ಬರೆದವರು ಯಾರು ಎಂದೂ ಹೇಳಬೇಕಾಗುತ್ತದೆ. ನೀನು ಮನಾಲಿ ಬಿಡುವುದು ಹತ್ತೊಂಬತ್ತಕ್ಕೆ ಅಂದಿದ್ದೆ, ಸ್ಪೀಡ್ ಪೋಸ್ಟ್ ಅಷ್ಟರಲ್ಲಿ ಮುಟ್ಟುತ್ತದೆ. ಸಂಚಿಕೆ ಅಚ್ಚಾಗುವುದು ಹನ್ನೆರಡು, ಶುಕ್ರವಾರ. ಈ ಪತ್ರವನ್ನು ಅಂಚೆಗೆ ಹಾಕುವುದು ಹದಿಮೂರು ಡಿಸೆಂಬರ್, ಶನಿವಾರ.