ಪೂಜೆಗಿಟ್ಟ ಬಂದೂಕು ಮತ್ತು ಸೋಮಮ್ಮನ ಹೇಳಿಕೆ

ಬಂದೂಕಿನ ಪರವಾನಗಿಗೆ ಸಹಿ ಹಾಕುವ ಮಾನ್ಯರೇ,

ಹೋದ ತಿಂಗಳು ನನ್ನ ಪರವಾನಗಿಯನ್ನು ಮತ್ತೆ ನವೀಕರಿಸಿದ್ದೀರಿ. ನನ್ನ ದೂರು ಅದರ ಮೇಲೆಯೇ. ಪರವಾನಗಿ ಸಿಗಲಿಲ್ಲವೆಂದು ಅಲೆಯುವವರನ್ನು ನೀವು ಬೇಕಾದಷ್ಟು ಕಂಡಿದ್ದೀರಿ. ಯಾಕಾದರೂ ಕೊಟ್ಟಿರಿ ಎಂದು ಕೇಳುವ ಮೊದಲ ಅರ್ಜಿದಾರ ಬಹುಶಃ ನಾನೇ.

ನಾನು ಯಾರೆಂದು ತಮಗೆ ಗೊತ್ತು. ನಾಗರಿಕರ ಬಂದೂಕು ಹಕ್ಕಿಗಾಗಿ ದೇಶದೇಶಗಳಲ್ಲಿ ವಾದಿಸುವ ಒಕ್ಕೂಟವೊಂದಕ್ಕೆ ಈ ಊರಿನ ಪ್ರತಿನಿಧಿ. ಚುನಾವಣೆ ಬಂದಾಗ ಬಂದೂಕನ್ನು ಠಾಣೆಗೆ ಒಪ್ಪಿಸಿ ಎಂದರೆ ಹನ್ನೊಂದು ಪುಟದ ಆಕ್ಷೇಪಣೆ ಬರೆದವನು. ಹೊರದೇಶದ ಸಭೆಯಲ್ಲಿ, ನಮ್ಮಲ್ಲಿ ಬಂದೂಕಿಗೆ ಕುಂಕುಮ ಇಡುತ್ತೇವೆ, ಪೂಜಿಸುವವನು ಎಚ್ಚರ ತಪ್ಪುವುದಿಲ್ಲ ಎಂದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನನ್ನ ತಲೆಗೇರಿತ್ತು.

ಆ ಪೂಜೆಯ ಕಥೆ ಕೇಳಿ. ತಾತ ಅರಮನೆಯ ಸೇವೆಯಲ್ಲಿದ್ದಾಗ ಬಂದ ಜೋಡಿನಳಿಗೆ ಬಂದೂಕು ನಮ್ಮದು. ಬರಿದಾದ ಪಾತ್ರೆಯನ್ನು ದೇವರ ಮುಂದೆ ಇಡಬಾರದೆಂಬುದು ನಮ್ಮ ಮನೆಯ ಶಾಸ್ತ್ರ. ಅದನ್ನೇ ಬಂದೂಕಿಗೂ ಅನ್ವಯಿಸಿ, ಆಯುಧಪೂಜೆಗೆ ತೋಟಾ ತುಂಬಿಯೇ ಇಡುತ್ತಿದ್ದೆ. ಮರುದಿನ ನಾನೇ ತೆಗೆಯುತ್ತಿದ್ದೆ. ಹೆಂಡತಿ ಅಲಮೇಲು ಪ್ರತಿವರ್ಷ ಬೇಡವೆನ್ನುತ್ತಿದ್ದಳು, ನಾನು ನಕ್ಕುಬಿಡುತ್ತಿದ್ದೆ.

ಕಳೆದ ವಿಜಯದಶಮಿಯ ಬೆಳಿಗ್ಗೆ ಒಕ್ಕೂಟದವರಿಗೆ ಫೋನಿನಲ್ಲಿ ಮುಂದಿನ ಭಾಷಣ ಓದಿ ಹೇಳುತ್ತಿದ್ದೆ. ವಿಷಯ, ಹೊಣೆಗಾರ ಮಾಲೀಕ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಕುಂಬಾರಕೊಪ್ಪಲಿನಿಂದ ಹದಿನಾರು ವರ್ಷಗಳಿಂದ ನಮ್ಮ ಮನೆಗೆಲಸಕ್ಕೆ ಬರುವ ಸೋಮಮ್ಮ ನೆಲ ಒರೆಸಬೇಕಿತ್ತು. ಬಂದೂಕನ್ನು ಏನು ಮಾಡಲಿ ಎಂದು ಕೇಳಿದಳು. ಮಾತು ನಿಲ್ಲಿಸದೆ, ಎತ್ತಿ ಮೂಲೆಗಿಡು ಎಂದು ಕೈಸನ್ನೆ ಮಾಡಿದೆ. ತೋಟಾ ನೆನಪಾಗಲಿಲ್ಲ. ಚೆಂಡುಹೂವಿನ ಹಾರದ ದಾರ ಬಂದೂಕಿನ ಕುದುರೆಗೆ ಸಿಕ್ಕಿಕೊಂಡಿತ್ತು. ನಳಿಗೆಯ ತುದಿ ಹಿಡಿದುಕೊಂಡು ಬಂದೂಕನ್ನು ಎಳೆದಳು, ದಾರ ಬಿಗಿದು ಗುಂಡು ಹಾರಿತು. ಬಲಗೈಯ ಮೂರು ಬೆರಳು ಹೋದವು.

ಆಸ್ಪತ್ರೆಯಲ್ಲಿ ಅವಳೇ ನನಗೆ ಸಮಾಧಾನ ಹೇಳಿದಳು. "ನಿಮ್ಮನ್ನ ಕೇಳ್ದಂಗೇ ನಾನೇ ಮುಟ್ಬುಟ್ಟೆ ಅಂತ ಏಳ್ತೀನಿ ಬುಡಿ ಸ್ವಾಮಿ. ನಿಮ್ಮೆಸ್ರು ಕೆಡೋದು ಬ್ಯಾಡ." ಬೇಡವೆನ್ನಲು ಬಾಯಿ ತೆರೆದೆ, ಮುಚ್ಚಿಕೊಂಡೆ. ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಅಷ್ಟೇ.

ವರದಿಯಲ್ಲಿ 'ಕೆಲಸದಾಕೆಯ ಅಜಾಗರೂಕತೆ' ಎಂದು ಬರೆಯಲಾಯಿತು. ನನಗೆ ಕುರ್ಚಿ ಕೊಟ್ಟಿರಿ, ಕಾಫಿ ಕೊಟ್ಟಿರಿ, ಕೊನೆಗೆ ಬಂದೂಕನ್ನೂ ಕೊಟ್ಟಿರಿ. ನನ್ನ ನಡತೆ ನಿಷ್ಕಳಂಕವಂತೆ! ತೋಟಾ ತುಂಬಿದವರು ಯಾರೆಂದು ಒಂದು ಮಾತು ಕೇಳಬಾರದಿತ್ತೇ? ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ಕಂಡದ್ದನ್ನೆಲ್ಲ ಮುಟ್ಟುವವಳೆಂದು ಇನ್ನೆರಡು ಮನೆಯವರು ಸೋಮಮ್ಮನನ್ನು ಕೆಲಸದಿಂದ ಬಿಡಿಸಿದ್ದಾರೆ.

ಬಂದೂಕನ್ನು ನಿನ್ನೆ ಠಾಣೆಗೆ ಒಪ್ಪಿಸಿದ್ದೇನೆ. ಪರವಾನಗಿ ರದ್ದು ಮಾಡಿ. ಅದಕ್ಕೂ ಮೊದಲು ಆ ಕಡತ ತೆರೆದು, ತೋಟಾ ತುಂಬಿದ್ದೂ ಎತ್ತಿಡು ಎಂದದ್ದೂ ನಾನೇ ಎಂದು ಬರೆದುಕೊಳ್ಳಿ. ಅಂದು ಹೇಳಿಕೆಗೆ ಹೆಬ್ಬೆಟ್ಟು ಒತ್ತಲು ಸೋಮಮ್ಮ ಬ್ಯಾಂಡೇಜು ಸುತ್ತಿದ ಕೈಯನ್ನೇ ಮೊದಲು ಚಾಚಿದಳು. ಆಮೇಲೆ ನೆನಪಾಗಿ ಇನ್ನೊಂದು ಕೈ ಕೊಟ್ಟಳು. ಶಾಯಿಯ ಡಬ್ಬಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದವನು ನಾನು. ಈ ಸಲ ನನ್ನನ್ನು ಕರೆಸಿ. ಸಹಿ ಹಾಕಲು ನನಗೆ ಹತ್ತೂ ಬೆರಳುಗಳಿವೆ.

ಇಂತಿ,
ಹೊಣೆಗಾರ ಮಾಲೀಕನೆಂದು ಊರೆಲ್ಲ ಹೇಳಿಕೊಂಡು ಬಂದ
ಲಕ್ಷ್ಮೀನರಸಿಂಹ